ಬಾಂಬ್ ಬೀಳೋ ಹೊತ್ತಿಗೆ

ಅಪ್ಪಾ,

ಇವತ್ತು ನಮ್ಮ ಥಿಯೇಟರಲ್ಲಿ ಒಬ್ಬ ದೊಡ್ಡ ಡೈರೆಕ್ಟರ್‌ನ ಯುದ್ಧದ ಸಿನಿಮಾದ ಟ್ರೇಲರ್ ಹಾಕಿದೆವು. ಸಿನಿಮಾ ಬರೋದು ಮುಂದಿನ ತಿಂಗಳು. ಅಭಿಮಾನಿಗಳ ಗಲಾಟೆ ನೋಡಿದರೆ ಯುದ್ಧ ಆಗಲೇ ಗೆದ್ದ ಹಾಗಿತ್ತು. ಶಿಳ್ಳೆ, ಕಾಗದದ ಚೂರು, ಕುರ್ಚಿ ಮೇಲೆ ಕುಣಿತ. ನನಗೆ ನೋಡಿಯೇ ಸುಸ್ತಾಯಿತು.

ಮೇಲೆ ಪ್ರೊಜೆಕ್ಟರ್ ರೂಮಲ್ಲಿದ್ದ ನಾನು ಮೊದಲ ಬಾಂಬ್ ಬೀಳೋ ಹೊತ್ತಿಗೆ ಸೌಂಡ್ ತಗ್ಗಿಸಿಬಿಟ್ಟೆ. ಬೇಕಂತಲ್ಲ, ಕೈ ತಾನಾಗೇ ಹೋಯಿತು. ನೀನು ನನಗೆ ಊಟದ ಡಬ್ಬಿ ತಂದು ಬಾಗಿಲ ಪಕ್ಕದ ಸೀಟಲ್ಲಿ ಕೂತು ಸಿನಿಮಾ ನೋಡುತ್ತಿದ್ದೆಯಲ್ಲ, ಆಗಿನ ಅಭ್ಯಾಸ ನೀನು ತೀರಿಹೋದ ಮೇಲೂ ಬಿಟ್ಟಿಲ್ಲ. ಬಾಂಬ್ ಸದ್ದು ಜೋರಾದರೆ ನೀನು ಎದ್ದು ಹೊರಗೆ ಹೋಗಿಬಿಡುತ್ತಿದ್ದೆ.

"ಏನ್ರೀ, ಇದು ಬಾಂಬಾ, ಕೆಮ್ಮಾ?" ಅಂತ ಒಬ್ಬ ಕೂಗಿದ. ಎಲ್ಲರೂ ನಕ್ಕರು. ಮಾಲೀಕರು ಮೇಲೆ ಬಂದು, "ನಿದ್ದೆ ಹೊಡೀತಿದ್ದೀಯೇನಯ್ಯಾ?" ಅಂತ ರೇಗಿದರು.

ನೀನು ಸೈನ್ಯದಲ್ಲಿದ್ದದ್ದು ಅವರಿಗೆ ಗೊತ್ತಿಲ್ಲ. ಅಲ್ಲಿ ಏನಾಯಿತು ಅಂತ ನನಗೂ ಗೊತ್ತಿಲ್ಲ. ನೀನು ಹೇಳಲಿಲ್ಲ. ನಾನು ಸೌಂಡ್ ತಗ್ಗಿಸುತ್ತಿದ್ದೆ, ಅಷ್ಟೆ.

ಟ್ರೇಲರ್ ಮತ್ತೆ ಹಾಕಿಸಿದರು. ಈ ಸಲ ಸೌಂಡ್ ಪೂರ್ತಿ ಕೊಟ್ಟೆ. ಗೋಡೆಯೇ ನಡುಗಿತು. ಕಿಂಡಿಯಿಂದ ಬಾಗಿಲ ಪಕ್ಕದ ಸೀಟು ನೋಡಿದೆ.

ಯಾರೂ ಎದ್ದು ಹೋಗಲಿಲ್ಲ.