ಮೂರನೇ ವಾರ್ಡಿನ ಬಾಗಿಲು

ಸೋಮವಾರ, ಮಧ್ಯಾಹ್ನ

ನನ್ನ ಮುದ್ದು ಪುಟ್ಟಿಗೆ, ನಿನ್ನ ಅಕ್ಕನ ನೂರು ಮುತ್ತುಗಳು.

ಇದನ್ನು ಅಂಚೆಗೆ ಹಾಕುತ್ತಿಲ್ಲ. ಈಗ ಅಂಚೆಗೆ ಹಾಕಿದ್ದನ್ನು ನಿನಗಿಂತ ಮೊದಲು ಬೇರೆಯವರು ಓದುತ್ತಾರೆ. ಬಸ್ಸಿನ ಡ್ರೈವರಣ್ಣ ತಂದು ಕೊಡುತ್ತಾನೆ. ಓದಿ ಒಲೆಗೆ ಹಾಕು.

ಫೋನಿನಲ್ಲಿ ನೀನು ಒಂದೇ ಮಾತು ಕೇಳಿದೆ: ಆಸ್ಪತ್ರೆಗೆ ನುಗ್ಗಿದ ಸೈನಿಕರಲ್ಲಿ ಇವರೂ ಇದ್ದರಾ ಅಂತ. ಲೈನ್ ಕಟ್ಟಾಯಿತು ಎಂದುಕೊಂಡಿರುತ್ತೀಯ. ಇಲ್ಲ ಕಣೇ, ನಾನೇ ಇಟ್ಟುಬಿಟ್ಟೆ.

ನಿನ್ನ ಗಂಡ ಇದ್ದ.

ಗುರುವಾರದ ಮೆರವಣಿಗೆಯ ಮೇಲೆ ಗುಂಡು ಹಾರಿಸಿದ್ದು ನಿನಗೆ ಗೊತ್ತು. ಸೈನ್ಯ ಅಧಿಕಾರ ಹಿಡಿದ ಮೇಲೆ ಅಷ್ಟು ಜನ ಬೀದಿಗಿಳಿದದ್ದು ಅದೇ ಮೊದಲು. ಪೆಟ್ಟು ತಿಂದ ಕಾಲೇಜು ಮಕ್ಕಳನ್ನೆಲ್ಲ ನಮ್ಮ ಮೂರನೇ ವಾರ್ಡಿಗೆ ತಂದರು. ಹಿತ್ತಲಲ್ಲಿ ಅವರ ಹೊದಿಕೆಗಳನ್ನು ಒಗೆಯುತ್ತಿದ್ದವಳು ನಾನೇ. ಎಷ್ಟು ನೀರು ಬದಲಾಯಿಸಿದರೂ ಕೆಂಪು ಬಿಡುತ್ತಲೇ ಇತ್ತು. ಮರುದಿನ ಬೆಳಿಗ್ಗೆ ಲಾರಿಗಳು ಬಂದವು. ಆ ಮಕ್ಕಳನ್ನು ಹಾಗೇ ಕ್ಯಾಂಪಿಗೆ ಒಯ್ಯಬೇಕಂತೆ. ಕ್ಯಾಂಪಿಗೆ ಹೋದವರು ಯಾರು ವಾಪಸ್ ಬಂದಿದ್ದಾರೆ, ಹೇಳು?

ಹೆಡ್ ನರ್ಸಮ್ಮ ವಾರ್ಡಿನ ಬಾಗಿಲಿಗೆ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಅವರ ಪಕ್ಕ ನೆಲದ ಮೇಲೆ ಡಾಕ್ಟರು, ಆಯಾಗಳು, ಅಡುಗೆಯವರು, ನಾನು. ಧೈರ್ಯದಿಂದ ಕೂತೆ ಅಂದುಕೊಳ್ಳಬೇಡ. ಎಲ್ಲರೂ ಕೂತರು, ಅದಕ್ಕೇ ಕೂತೆ.

ಅಧಿಕಾರಿ ಏಳಿ ಎಂದು ಗುಡುಗಿದ. ನಮ್ಮ ಅಡುಗೆಯಜ್ಜಿ ತಣ್ಣಗೆ, “ಸ್ವಾಮಿ, ಈಗಷ್ಟೇ ನೆಲ ಒರೆಸಿದೀವಿ, ಬೂಟು ಬಿಚ್ಚಿ ಬನ್ನಿ” ಅಂದಳು. ಅವನು ಒಂದು ಗಳಿಗೆ ತನ್ನ ಬೂಟನ್ನೇ ನೋಡಿಕೊಂಡ! ಒಳಗೆ ಮಲಗಿದ್ದ ಮಕ್ಕಳಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ. ಅವನಿಗೆ ಅದು ಕಪಾಳಕ್ಕೆ ಬಾರಿಸಿದಂತಾಯಿತು. ಎಳೆದು ಹಾಕಿ ಎಂದ.

ನಿನ್ನ ಗಂಡನನ್ನು ನೋಡಿದ್ದು ಆಗಲೇ. ಹೆಲ್ಮೆಟ್ಟಿನ ಕೆಳಗೆ ಮುಖ ಬಿಳಿಚಿಕೊಂಡಿತ್ತು. “ಅಕ್ಕಾ, ಎದ್ದುಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ” ಅಂದ, ನನಗೆ ಮಾತ್ರ ಕೇಳುವಂತೆ. “ನಾನೆದ್ರೆ ಈ ಮಕ್ಕಳಿಗೆ ಯಾರಪ್ಪಾ?” ಅಂದೆ. ಅಧಿಕಾರಿ ಅವನ ಬೆನ್ನ ಹಿಂದೆಯೇ ನಿಂತಿದ್ದ. ನಾನು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಯಾರದೋ ಬಂದೂಕಿನ ಹಿಡಿ ನನ್ನ ಮಣಿಕಟ್ಟಿನ ಮೇಲೆ ಬಿತ್ತು. ಈಗ ಪ್ಲಾಸ್ಟರ್ ಹಾಕಿದ್ದಾರೆ, ಗಾಬರಿಯಾಗಬೇಡ.

ನನ್ನ ಕೂಗು ಬೀದಿಯವರೆಗೂ ಕೇಳಿಸಿತಂತೆ. ಅಂಗಡಿಯವರು, ಬಸ್ಸಿನವರು, ರೋಗಿಗಳ ಮನೆಯವರು ಬಂದು ಮೆಟ್ಟಿಲ ತುಂಬ ಕೂತುಬಿಟ್ಟರು. ಒಬ್ಬರೂ ಕಲ್ಲೆತ್ತಲಿಲ್ಲ, ಒಬ್ಬರೂ ಅಲುಗಲಿಲ್ಲ. ಹೊತ್ತು ಏರಿತು. ಸೈನಿಕರ ಬೆರಳುಗಳು ಬಂದೂಕಿನ ಮೇಲೆ ಚಡಪಡಿಸತೊಡಗಿದವು. ಆಗ ಹೆಡ್ ನರ್ಸಮ್ಮ ತಾವೇ ಎದ್ದರು. “ಬರಿಗೈಲಿ ಇವರು ಹೋಗಲ್ಲ. ನಾನು ಹೋಗ್ತೀನಿ. ಮಕ್ಕಳಿಗೆ ಡ್ರೆಸ್ಸಿಂಗ್ ತಪ್ಪಿಸಬೇಡಿ” ಎಂದು ನಮಗೆ ಹೇಳಿ, ಅವರ ಲಾರಿ ಹತ್ತಿದರು. ಅಧಿಕಾರಿಗೂ ಮುಖ ಉಳಿಸಿಕೊಳ್ಳಲು ಅಷ್ಟು ಸಾಕಿತ್ತು. ಮಕ್ಕಳನ್ನು ಅವತ್ತೇ ಬೇರೆ ಬೇರೆ ಮನೆಗಳಿಗೆ ಸಾಗಿಸಿದೆವು. ನರ್ಸಮ್ಮನ ಸುದ್ದಿ ಮಾತ್ರ ಇನ್ನೂ ಇಲ್ಲ. ಕ್ಯಾಂಪಿನ ಗೇಟಿನ ಮುಂದೆ ನಾವು ಸರದಿಯ ಮೇಲೆ ಕೂರುತ್ತಿದ್ದೇವೆ.

ಇನ್ನು ನಿನ್ನ ಗಂಡ. ಆ ಸಂಜೆಯಿಂದ ಅವನು ಕ್ಯಾಂಪಿನಲ್ಲಿಲ್ಲ. ನಿನ್ನ ಕ್ವಾರ್ಟರ್ಸಿಗೆ ಹುಡುಕಿಕೊಂಡು ಬಂದೇ ಬರುತ್ತಾರೆ. ಗೊತ್ತಿಲ್ಲ ಅನ್ನು. ಎಲ್ಲಿದ್ದಾನೆಂದು ನಾನೂ ಬರೆಯುವುದಿಲ್ಲ. ಬದುಕಿದ್ದಾನೆ, ಬಲವಂತ ಮಾಡಿದರೆ ಎರಡು ತುತ್ತು ತಿನ್ನುತ್ತಾನೆ. ಅಕ್ಕಪಕ್ಕದವರು ಹೇಡಿ ಅಂದರೆ ಕಿವಿಗೆ ಹಾಕಿಕೊಳ್ಳಬೇಡ. ಮಗುವನ್ನು ಕರೆದುಕೊಂಡು ಇದೇ ಬಸ್ಸಿನಲ್ಲಿ ಹೊರಟು ಬಾ.

ನಿನ್ನ ದಾರಿ ನೋಡುತ್ತಿರುವ,
ಅಕ್ಕ

ತಾ.ಕ.: ಅಕ್ಷರ ನೋಡಿದ ಕೂಡಲೇ ನಿನಗೆ ಗೊತ್ತಾಗಿರುತ್ತದೆ, ಅಕ್ಕ ಹೇಳಿದ್ದನ್ನು ಬರೆದವನು ನಾನು. ಇಷ್ಟು ಮಾತ್ರ ಅವರು ಹೇಳಿದ್ದಲ್ಲ. ಅವರು ಒಳಗೆ ಮಲಗಿದ್ದಾರೆ. ಆ ಬಂದೂಕು ‘ಯಾರದೋ’ ಅಲ್ಲ, ನನ್ನದು. ಹಾಗೆ ಬರೆಯಲಾರೆ ಅಂದೆ, ಅಕ್ಕ ಕೇಳಲಿಲ್ಲ. ಆ ಸಂಜೆ ಅವರ ಮನೆ ಬಾಗಿಲಲ್ಲಿ ಬಂದು ನಿಂತಾಗಲೂ, “ಊಟ ಆಯ್ತೇನಪ್ಪಾ?” ಅಂದರು, ಅಷ್ಟೇ. ಯಾಕೆ ಹೊಡೆದೆ ಎಂದು ಇವತ್ತಿನವರೆಗೂ ಕೇಳಿಲ್ಲ. ನೀನಾದರೂ ಬಂದು ಕೇಳು.