ಮಗ್ಗದ ಕಾವಲು

೩ ಜೂನ್ ೧೯೩೪, ಬನಹಟ್ಟಿ
ಎದ್ದವನೇ ಮಗ್ಗದ ಕುಣಿಗೆ ಕಾಲಿಳಿಬಿಟ್ಟು ಕೂತೆ. ರೂಢಿ. ಕೋರ್ಟಿನ ಅರಗಿನ ಮುದ್ರೆ ಕಂಡ ಮೇಲೆ ನೆನಪಾಯಿತು — ನೂಲಿನ ಸಾಲಕ್ಕೆ ಮಗ್ಗ ಜಪ್ತಿ. ಇವತ್ತಿಗೆ ಆರು ದಿನ. ಅರ್ಧ ನೆಯ್ದ ಸೀರೆ ಹಾಗೇ ಬಿಗಿದು ನಿಂತಿದೆ. ಥೂ.

೯ ಜೂನ್
ನೂಲಿನ ಸಾಲ ತೀರಿತು. ಇಂದ್ರವ್ವನ ಚಿನ್ನದ ಬೋರಮಾಳ ಅದಕ್ಕೇ ಹೋಯಿತು. ಹೆಂಡತಿಯ ಬರಿಗೊರಳು ನೋಡಲಾಗಲಿಲ್ಲ.
ಪಾವತಿ ಒಯ್ದು, ಜಪ್ತಿ ಮಾಡಿದ ಕೋರ್ಟಿನ ಬೇಲಿಫ ಗಿರಿಮಲ್ಲಪ್ಪನಿಗೆ ತೋರಿಸಿದೆ. ಮುದ್ರೆ ತೆಗೆಯಲೊಲ್ಲ. ಕಾವಲುಗಾರನ ಭತ್ತೆ ಬಾಕಿಯಂತೆ, ದಿನಕ್ಕೆ ನಾಲ್ಕಾಣೆ. ಭತ್ತೆ ಕೊಡುವ ತನಕ ಬಿಡುಗಡೆ ಇಲ್ಲ. ಬಿಡುಗಡೆಯ ತನಕ ಕಾವಲು ಇರುತ್ತದೆ, ಭತ್ತೆ ಏರುತ್ತದೆ... ಯಾವ ಕಾವಲುಗಾರ? ಮನೆಯಲ್ಲಿ ಇರುವವರು ನಾನು, ಇಂದ್ರವ್ವ, ಒಂದು ಬೆಕ್ಕು.
‘ಕಾಯ್ದೆ ನಿನಗೇನ ಗೊತ್ತಲೇ’ ಎಂದ.

೧೪ ಜೂನ್, ಮಧ್ಯಾಹ್ನ
ರಬಕವಿಗೆ ನಡೆದು ಹೋದೆ. ವಕೀಲ ಧರಣೇಂದ್ರಪ್ಪನವರು ಪುಸ್ತಕ ತೆಗೆದು ಓದಿದರು. ಕಸಬುದಾರನ ಹತ್ಯಾರ, ಅಂದರೆ ಮಗ್ಗದಂಥ ದುಡಿಮೆಯ ಸಾಮಾನು, ಜಪ್ತಿ ಮಾಡುವಂತೆಯೇ ಇಲ್ಲ! ಆದರೆ ಆ ತಕರಾರು ಸಾಲ ಕಟ್ಟುವ ಮೊದಲೇ ಎತ್ತಬೇಕಿತ್ತಂತೆ. ಬೋರಮಾಳ ಸುಮ್ಮನೆ ಹೋಯಿತು. ನನ್ನಂಥ ದಡ್ಡ ಇಲ್ಲ.
ಇನ್ನು ಉಳಿದದ್ದು ಭತ್ತೆ. ಕಾವಲಿಗೆ ಯಾರೂ ಇರಲಿಲ್ಲವೆಂದು ಪ್ರಮಾಣ ಮಾಡಿ ಅರ್ಜಿ ಕೊಟ್ಟರೆ ಅದು ರದ್ದು. ಅಲ್ಲೇ ಬರೆಸಿದೆ. ಸಹಿ ಹಾಕಿದೆ.

೧೯ ಜೂನ್
ಕೋರ್ಟಿನ ಕಾರಕೂನ ಶಾಂತಿನಾಥ ಪರಿಚಯದವ. ಮೂಲೆಗೆ ಕರೆದು ಕಾಗದ ತೋರಿಸಿದ. ಕಾವಲುಗಾರನ ರಸೀದಿ, ದಿನಕ್ಕೊಂದರಂತೆ ಇಪ್ಪತ್ತೆರಡು, ಒಂದೊಂದೂ ನಾಲ್ಕಾಣೆಗೆ. ಎಲ್ಲದರ ಮೇಲೂ ಹೆಬ್ಬಟ್ಟು. ಕೆಳಗೆ ಹೆಸರು — ಇಂದ್ರವ್ವ.
ಮನೆಗೆ ಬಂದು ಕೇಳಿದೆ. ಅವಳು ಮುಚ್ಚಿಡಲಿಲ್ಲ.
‘ಸರಕಾರದ ರೊಕ್ಕ ಅಂದರ್ರಿ ಬೇಲಿಫ ಸಾಹೇಬರು. ದಿನಾ ಒಂದಾಣೆ ಕೊಟ್ಟರು, ಹೆಬ್ಬಟ್ಟು ಒತ್ತಿದೆ. ಮಗ್ಗ ನಿಂತ ಮ್ಯಾಲ ನಾವು ಏನ ತಿಂದೇವಿ ಅನ್ಕೊಂಡೀರಿ?’
ನಾನು ಕೇಳಿಯೇ ಇರಲಿಲ್ಲ. ತಾಟಿಗೆ ಬಂದದ್ದನ್ನು ತಿಂದೆ.

೨೦ ಜೂನ್, ಮುಂಜಾನೆ ಏಳು
ಇವತ್ತು ನನ್ನ ಅರ್ಜಿಯ ಮೇಲೆ ಕೋರ್ಟಿನಲ್ಲಿ ಸಾಕ್ಷಿ ನುಡಿಯಬೇಕು. ಕಾವಲು ಇರಲಿಲ್ಲ ಎಂದರೆ ಸುಳ್ಳು ಪ್ರಮಾಣ, ನಾನು ಜೇಲಿಗೆ. ಇತ್ತು ಎಂದರೆ ಭತ್ತೆಗಾಗಿ ಮಗ್ಗ ಹರಾಜು. ಬೇಲಿಫ ಮೂರಾಣೆ ನುಂಗಿದ ಎಂದು ಹೇಳಬೇಕಾದರೆ, ಉಳಿದ ಒಂದಾಣೆ ತಾನು ತಗೊಂಡೆ ಎಂದು ಇಂದ್ರವ್ವ ಊರ ಮುಂದೆ ನಿಂತು ಹೇಳಬೇಕು. ಅವಳ ಮೇಲೂ ಖಟ್ಲೆ ಆದೀತು.
ಇಂದ್ರವ್ವ ಸ್ನಾನ ಮಾಡಿ, ಇದ್ದುದರಲ್ಲಿ ಛಲೋ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಾಳೆ. ‘ನಾನ ಹೇಳತೇನಿ, ನಡೀರಿ’ ಎನ್ನುತ್ತಾಳೆ.
ಬೇಡ ಅನ್ನಬೇಕು. ಅನ್ನದೆ ಇದನ್ನು ಬರೆಯುತ್ತ ಕೂತಿದ್ದೇನೆ. ನನಗೆ ಉಣ್ಣಲು ಇಟ್ಟವಳನ್ನೇ ಮುಂದೆ ಮಾಡಿ ನಾನು ಹಿಂದೆ ನಿಲ್ಲುವುದೇ? ಮತ್ತೆ ಕರೆದಳು, ಎದ್ದೆ.