ಎರಡನೇ ಸಾಕ್ಷಿ

ಜನವರಿ 10, ಶನಿವಾರ. ಹೊನ್ನಾಳಿ

...'ನನ್ನ ಕಣ್ಣು ನಿಮ್ಮ ಕಾಗದದಾಗೆ ಹೆಂಗೆ ಬಂತು ಮೇಡಂ' ಎಂದಿದ್ದರು ಕೆರೆಯ ಮೀನುಗಾರ ಖಾಜಾಸಾಬ್. ಮೇಡಂ ಎಂದರೋ, ಮೇಡಮ್ಮೋರೆ ಎಂದರೋ. ದನಿ ಏರಿಸಲಿಲ್ಲ. ಅದು ನೆನಪಿದೆ.

ಕಳೆದ ಜನವರಿಯ ಹಕ್ಕಿ ಗಣತಿ. ಒಂದು ಪಟ್ಟೆತಲೆ ಹೆಬ್ಬಾತಿನ ಕುತ್ತಿಗೆಯಲ್ಲಿ ಕೆಂಪು ಪಟ್ಟಿ ಕಂಡೆ. ವಲಸೆಯ ಜಾಡು ತಿಳಿಯಲು ಮಂಗೋಲಿಯಾದಲ್ಲಿ ನಂಬರ್ ಹಾಕಿ ತೊಡಿಸುವಂಥದ್ದು. 'ಏನೂ ಇಲ್ಲ, ಬಿಡ್ರಿ' ಎಂದರು ಜೊತೆಗಿದ್ದ ಖಾಜಾಸಾಬ್. ಫಾರಂಗೆ ಇಬ್ಬರು ಸಾಕ್ಷಿ ಬೇಕು. ಎರಡನೆಯ ಜಾಗದಲ್ಲಿ ಅವರ ಹೆಸರು ಬರೆದೆ. ಕೇಳಲಿಲ್ಲ.

ಹನ್ನೊಂದು ಚಳಿಗಾಲ ಒಟ್ಟಿಗೆ ಎಣಿಸಿದ್ದೆವು. ಆಮೇಲೆ ಅವರು ನನ್ನ ಫೋನ್ ಎತ್ತಿಲ್ಲ.

ನಾಳೆ ಮತ್ತೆ ಗಣತಿ. ಆ ಹಕ್ಕಿ ಸಿಕ್ಕರೆ ಅವರಿಗೇ ತೋರಿಸಬಹುದು. ಕ್ಷಮೆ ಕೇಳುವುದಕ್ಕಿಂತ ಸುಲಭ.

ಜನವರಿ 11. ಬೆಳಿಗ್ಗೆ 7.15, ಕೆರೆಬಿಳಚಿ

ಖಾಜಾಸಾಬ್ ಇಲ್ಲ. ಅವರ ಹೆಂಡತಿ ಅಖ್ತರ್‌ಬೀ ಅಂಗಳ ಗುಡಿಸುತ್ತಿದ್ದರು.

"ಮಗಳ ಮನೀಗೆ ಹೋಗ್ಯಾರೆ, ಜಗಳೂರಿಗೆ. ನೀವು ಬರೋದು ಗೊತ್ತಿದ್ದೇ ಹೋದ್ರು." ಪೊರಕೆ ನಿಲ್ಲಿಸಿದರು. "ಒಂದು ಬಾತಿಗೋಸ್ಕರ ವರ್ಷ ಮಾತು ಬಿಟ್ಟೋರ್ನ ಎಲ್ಲೂ ಕಾಣಲಿಲ್ಲ ರೀ. ನಾನಾಗಿದ್ರೆ ಅವತ್ತೇ ಸಾರು ಮಾಡಿ ಮುಗಿಸ್ತಿದ್ದೆ."

ಅವರು ನಕ್ಕರು. ನಾನು ತಡವಾಗಿ.

ಹೊರಡುವಾಗ ಒಂದು ಬಟ್ಟೆಯ ಗಂಟು ಕೈಗಿಟ್ಟರು. ಹುಣಸೆ ಬೀಜ. ಹತ್ತು ಹಕ್ಕಿಗೆ ಒಂದು ಬೀಜ, ಎಡ ಜೇಬಿನಿಂದ ಬಲ ಜೇಬಿಗೆ — ಅದು ಖಾಜಾಸಾಬ್ ಎಣಿಸುವ ರೀತಿ. ನನ್ನದು ನೋಟ್‌ಬುಕ್. ಒಬ್ಬರಿಗೊಬ್ಬರು ಹೇಳದೆ ಎಣಿಸಿ, ಕೊನೆಗೆ ಹೋಲಿಸುತ್ತಿದ್ದೆವು.

"ಕೊಡು ಅಂದಾರೆ. ಒಬ್ರೇ ಎಣಿಸಾಕೆ ಆಗಲ್ಲಂತೆ."

ಗೋಡೆಯ ಮೇಲೆ ಅವರ ಬಲೆ ಒಣಗುತ್ತಿತ್ತು. ಅಂಚಿಗೆಲ್ಲ ಕೆಂಪು ನೈಲಾನ್ ದಾರ. ಯಾಕೆ ಎಂದೆ.

"ನಮ್ದು ಅಂತ ಗುರ್ತಿಗೆ. ಈ ಕೆರೆಯಾಗೆ ಕೆಂಪು ಅಂಚು ಬೇರೆ ಯಾರ್ದೂ ಇಲ್ಲ."

ಗಮನಿಸಿಯೇ ಇರಲಿಲ್ಲ. ಹನ್ನೊಂದು ವರ್ಷ ಬರೀ ಹಕ್ಕಿ ನೋಡಿದ್ದೆ.

9.40, ಸೂಳೆಕೆರೆ

ಫಾರಂನಲ್ಲಿ ಇದರ ಹೆಸರು ಶಾಂತಿಸಾಗರ. ಮಂಜು ಕರಗಿದೆ. ಸೂಜಿಬಾಲದ ಬಾತು 340. ಮೂವತ್ನಾಲ್ಕು ಬೀಜ ಜೇಬು ಬದಲಿಸಿದವು. ಆದರೆ ಒಬ್ಬಳೇ ಎರಡು ಸಲ ಎಣಿಸಿದರೆ, ಎರಡನೆಯದು ಮೊದಲನೆಯದನ್ನು ಕಾಪಿ ಹೊಡೆಯುತ್ತದೆ.

ಹೆಬ್ಬಾತು 26. ಗದ್ದೆಯಂಚಿನಲ್ಲಿ ಮೇಯುತ್ತಿವೆ. ಎರಡು ಬೀಜ. ಉಳಿದ ಆರಕ್ಕೆ ಏನು ಮಾಡುತ್ತಿದ್ದರೋ, ಕೇಳಿಲ್ಲ.

10.05

ಇದೆ. ಕೆಂಪು. ಬಲಗಡೆಯಿಂದ ನಾಲ್ಕನೆಯದು. ಹಾಗಾದರೆ ಬರೆದದ್ದು ಸುಳ್ಳಲ್ಲ — ಅವರ ಹೆಸರೊಂದು ಬಿಟ್ಟು.

ನಂಬರ್ ಓದಬೇಕು. ಹಕ್ಕಿ ಕತ್ತು ಬಗ್ಗಿಸಿದೆ... ಎತ್ತಿತು.

ನಂಬರ್ ಇಲ್ಲ. ಪಟ್ಟಿಯೇ ಅಲ್ಲ. ದಾರ. ಒಂದು ಗಂಟು, ಎರಡು ತುದಿ, ಗಾಳಿಗೆ ಅಲುಗುತ್ತಿವೆ. ಕೆಂಪು ನೈಲಾನ್, ಬೆಳಿಗ್ಗೆ ಗೋಡೆಯ ಮೇಲೆ ಕಂಡಂಥದ್ದೇ.

ಹಿಮಾಲಯ ದಾಟಿ ಹೋಗಿ, ಮತ್ತೆ ದಾಟಿ ಬಂತೇ ಈ ಗಂಟು? ಅಥವಾ ಇದು ಬೇರೆ ಹಕ್ಕಿಯೋ. ಗೊತ್ತಿಲ್ಲ. ಮೇಯುತ್ತಿದೆ, ಉಳಿದವುಗಳಂತೆಯೇ.

ಫೆಬ್ರವರಿ 2. ಹೊನ್ನಾಳಿ

ಫಾರಂ ಇಂದು ಕಳಿಸಿದೆ. ಕಳೆದ ವರ್ಷದ ದಾಖಲೆ ರದ್ದು ಮಾಡಿ ಎಂದೂ ಬರೆದೆ: ಪಟ್ಟಿ ಅಲ್ಲ, ಬಲೆಯ ದಾರ, ಎರಡನೇ ಸಾಕ್ಷಿಯನ್ನು ನಾನು ಕೇಳಿರಲಿಲ್ಲ. ಯಾರ ಬಲೆ ಎಂಬ ಕಾಲಂ ಫಾರಂನಲ್ಲಿಲ್ಲ. ಇದ್ದಿದ್ದರೆ...

ಈ ವರ್ಷದ ಎರಡನೇ ಸಾಕ್ಷಿ — ಖಾಲಿ.

ಬೀಜದ ಗಂಟು ಮೇಜಿನ ಮೇಲಿದೆ. ಸಂಜೆ ಫೋನ್ ಮಾಡಿದೆ. ಕೊನೆಯವರೆಗೂ ರಿಂಗ್ ಆಯಿತು.

ತೆಪ್ಪದಲ್ಲಿ ಕೂತು, ಆಚೆ ದಡದ ಹಕ್ಕಿಯ ಕಾಲಿನ ಬಣ್ಣ ಹೇಳುತ್ತಿದ್ದವರು. ಖಾಜಾಸಾಬ್, ಅವತ್ತು ನಿಮಗೆ ನಿಜಕ್ಕೂ ಏನೂ ಕಾಣಲಿಲ್ಲವೇ?